ಹಸಿರು ಪೆಟ್ಟಿಗೆಯ ಹನ್ನೊಂದು ಹಕ್ಕಿಗಳು

ನಗರದ ಉದ್ಯಾನ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ,

ಈ ವರ್ಷ ನಮ್ಮ ಉದ್ಯಾನದ ಹಾಡುಹಕ್ಕಿಗಳು ಒಂಬತ್ತರಿಂದ ಮೂವತ್ತೊಂದಕ್ಕೆ ಏರಿವೆ ಎಂದು ತಾವು ಹೆಮ್ಮೆಯಿಂದ ಪ್ರಕಟಿಸಿದ್ದೀರಿ. ಆ ಮೂವತ್ತೊಂದನ್ನು ಎಣಿಸಿಕೊಟ್ಟವನು ನಾನೇ. ಅವುಗಳಲ್ಲಿ ಇಪ್ಪತ್ತನಾಲ್ಕು ಹಕ್ಕಿಗಳು, ತಮ್ಮ ಕಚೇರಿಯೇ ಮರಗಳಿಗೆ ಕಟ್ಟಿಸಿದ ಧ್ವನಿವರ್ಧಕದ ಪೆಟ್ಟಿಗೆಗಳಲ್ಲಿ ಸುಖವಾಗಿ ವಾಸವಾಗಿವೆ. ಇದನ್ನು ತಿಳಿಸಿ ಮೂರು ಪತ್ರ ಬರೆದೆ. ತಾವು ವರದಿ ತಿದ್ದಲಿಲ್ಲ. ಹಕ್ಕಿಗಳು ಇಷ್ಟೊಂದು ಸಮೃದ್ಧವಾಗಿರುವಾಗ ಹಿಂದಿನ ಗೋಡೆಯ ಮುಳ್ಳುಪೊದೆ ಯಾಕೆ ಬೇಕೆಂದು, ಬರುವ ತಿಂಗಳ ಒಂದನೇ ತಾರೀಖು ಅದನ್ನು ಕಡಿಸಿ ವಾಹನ ನಿಲ್ಲಿಸುವ ಜಾಗ ಮಾಡಲು ಹೊರಟಿದ್ದೀರಿ. ಉಳಿದ ಏಳು ಹಕ್ಕಿಗಳು, ಅಂದರೆ ಉಸಿರಾಡುವ ಏಳು, ಇರುವುದು ಆ ಪೊದೆಯಲ್ಲೇ. ಅದಕ್ಕೇ ಈ ನಾಲ್ಕನೇ ಪತ್ರವನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಉದ್ಯಾನದ ಎದುರು ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವನು. ತಮ್ಮ ಕಚೇರಿಯ ಅರ್ಧ ಜನ ಕಡತ ಓದುವುದು ನಾನು ಕೂರಿಸಿಕೊಟ್ಟ ಗಾಜಿನಲ್ಲಿ. ಓದುತ್ತಾರೆ ಎಂಬ ನಂಬಿಕೆಯಿಂದಲೇ ಕೂರಿಸಿದ್ದೇನೆ. ಹಕ್ಕಿ ಎಣಿಕೆ ಮಾತ್ರ ಕಿವಿಯ ಕೆಲಸ. ತಮ್ಮದೇ ನಿಯಮದ ಪ್ರಕಾರ ವರ್ಷಕ್ಕೊಂದು ದಿನ ಬೆಳಗಿನ ಆರಕ್ಕೆ ಶುರುಮಾಡಿ, ಉದ್ಯಾನದ ನಾಲ್ಕು ಗುರುತಿನ ಕಲ್ಲುಗಳ ಬಳಿ ಹತ್ತತ್ತು ನಿಮಿಷ ನಿಂತು, ಕೇಳಿಸಿದ ದನಿಗಳನ್ನು ಬರೆದುಕೊಳ್ಳಬೇಕು. ಎಲೆಯ ಮರೆಯ ಹಕ್ಕಿ ಕಾಣದಿದ್ದರೂ ಕೇಳುತ್ತದಲ್ಲ, ಆ ಲೆಕ್ಕಾಚಾರ. ಹತ್ತೊಂಬತ್ತು ವರ್ಷದಿಂದ ಈ ಕೆಲಸ ನಮ್ಮ ಮನೆಯದು. ಕೇಳುವವಳು ನನ್ನ ಅಕ್ಕ, ಬರೆಯುವವನು ನಾನು. ಅಕ್ಕ ಮೂವತ್ತು ವರ್ಷ ದೂರವಾಣಿ ಕೇಂದ್ರದಲ್ಲಿ ಕರೆ ಜೋಡಿಸುತ್ತಿದ್ದವಳು. ಆಮೇಲೆ ಅವಳ ಕಣ್ಣು ಹೋಯಿತು. ಊರಿಗೆಲ್ಲ ಕನ್ನಡಕ ಕೊಟ್ಟ ನನ್ನ ಕೈಯಲ್ಲಿ ಅವಳಿಗೆ ಏನೂ ಮಾಡಲಾಗಲಿಲ್ಲ. ಕಿವಿ ಮಾತ್ರ ಹಾಗೇ ಇದೆ. ಮಡಚುವ ಕುರ್ಚಿಯಲ್ಲಿ ಕೂತು, "ಪಿಕಳಾರ ಎರಡು, ಎಡಗಡೆ. ಬಲಗಡೆ ಒಂದು. ಇದು ಹೋದ ವರ್ಷದ್ದೇ ಕಣೋ, ಕೊನೇಲಿ ಸ್ವಲ್ಪ ಎಳೆಯುತ್ತೆ" ಎನ್ನುತ್ತಾಳೆ. ನಾನು ತೆಪ್ಪಗೆ ಬರೆಯುತ್ತೇನೆ.

ಮೊದಲ ವರ್ಷ ಅರವತ್ತನಾಲ್ಕು ದನಿಗಳಿದ್ದವು. ಅಕ್ಕ ಹೇಳುವ ವೇಗಕ್ಕೆ ನನ್ನ ಪೆನ್ಸಿಲು ಏಗುತ್ತಿರಲಿಲ್ಲ. ಕೊಳದ ಅಂಚಿಗೆ ತಾವು ಸಿಮೆಂಟು ಬಳಿಸಿದ ವರ್ಷ ನಲವತ್ತೊಂದು. ಒಣಕೊಂಬೆಗಳು ನೋಡಲು ಅಸಹ್ಯವೆಂದು ಕಡಿಸಿಹಾಕಿದ ವರ್ಷ ಇಪ್ಪತ್ತಮೂರು. ಹುಳುವಿಗೆ ಔಷಧಿ ಹೊಡೆಸಿದ ವರ್ಷ ಹದಿನಾಲ್ಕು. ತಮ್ಮ ಕಚೇರಿ ಈ ಉದ್ಯಾನಕ್ಕೆ ಮಾಡಿದ ಒಂದೊಂದು ಉಪಕಾರವೂ ನಮ್ಮ ನೋಟ್‌ಬುಕ್ಕಿನಲ್ಲಿ ತಾರೀಖಿನ ಸಮೇತ ಇದೆ, ಬೇಕಾದರೆ ಸನ್ಮಾನಕ್ಕೆ ಬಳಸಿಕೊಳ್ಳಬಹುದು. ಹೋದ ವರ್ಷ ಒಂಬತ್ತಕ್ಕೆ ಬಂದಿತ್ತು. ಆ ದಿನ ಮೂರನೇ ಕಲ್ಲಿನ ಬಳಿ ಹತ್ತು ನಿಮಿಷ ಮುಗಿದರೂ ಅಕ್ಕ ಕುರ್ಚಿ ಬಿಟ್ಟು ಏಳಲಿಲ್ಲ. "ಇನ್ನು ಸ್ವಲ್ಪ ಹೊತ್ತು ಕೂರೋಣ. ತಡವಾಗಿ ಏಳೋವೂ ಇರ್ತವೆ" ಎಂದಳು. ಇಪ್ಪತ್ತು ನಿಮಿಷ ಕೂತೆವು. ಯಾವುದೂ ಏಳಲಿಲ್ಲ.

ಈ ವರ್ಷ ಎಣಿಕೆಯ ಹೊತ್ತಿಗೆ ಸರಿಯಾಗಿ ಅಕ್ಕನ ಮಂಡಿಯ ಆಪರೇಷನ್ ಆಗಿತ್ತು. ನಾನೊಬ್ಬನೇ ಹೋದೆ. ಮೊದಲ ಕಲ್ಲಿನ ಬಳಿ ನಿಂತವನಿಗೆ ಮೈ ಜುಮ್ಮೆಂದಿತು. ಒಂದೇ ಮರದಿಂದ ಹನ್ನೊಂದು ದನಿ! ಎರಡನೆಯದರಲ್ಲಿ ಎಂಟು, ಮೂರನೆಯದರಲ್ಲಿ ಐದು, ಪೊದೆಯ ಪಕ್ಕದ ನಾಲ್ಕನೆಯದರಲ್ಲಿ ಏಳು. ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ಹಾಡುವ ಮರವನ್ನು ತಲೆಯೆತ್ತಿ ನೋಡುವ ಬುದ್ಧಿಯಾದರೂ ಇರಬೇಡವೇ? ಇರಲಿಲ್ಲ. ನೆಲ ನೋಡಿಕೊಂಡು ಬರೆದೆ, ಸಹಿ ಹಾಕಿದೆ, ಕೊಟ್ಟೆ. ಅಕ್ಕನಿಗೆ ಕೇಳಿಸಲೆಂದು ಮೊದಲ ಕಲ್ಲಿನ ಹತ್ತು ನಿಮಿಷವನ್ನು ಫೋನಿನಲ್ಲಿ ಹಿಡಿದು ತಂದಿದ್ದೆ, ಅಷ್ಟೇ ನಾನು ಮಾಡಿದ ಜಾಣತನ.

ಅಕ್ಕ ಹಾಸಿಗೆಯಲ್ಲಿ ದಿಂಬಿಗೊರಗಿ ಕೇಳಿದಳು. ಹಿಗ್ಗುತ್ತಾಳೆ ಎಂದು ನಾನು ಮುಖ ನೋಡುತ್ತಲೇ ಕೂತಿದ್ದೆ.

"ಸೀನಿದ್ದು ನೀನೇನೋ?" ಎಂದಳು.

"ಇಲ್ಲಕ್ಕ. ದಾರೀಲಿ ಹೋಗೋರು ಯಾರೋ ಇರ್ಬೇಕು."

"ಮತ್ತೆ ಸೀನಿದ್ರು ನೋಡು. ಅದೇ ಸೀನು. ಆ ಪಿಕಳಾರ ಎರಡು ಸಲ ಕೂಗಿದ ಮೇಲೇನೇ." ಫೋನನ್ನು ನನ್ನ ಕೈಗೆ ವಾಪಸು ಕೊಟ್ಟು ಹೇಳಿದಳು: "ಲಕ್ಷಾಂತರ ಜನರ ಗಂಟಲು ಕೇಳಿದೀನಿ ನಾನು. ಒಬ್ಬ ಮನುಷ್ಯ ಎರಡು ಸಲ ಒಂದೇ ಥರ ಸೀನಲ್ಲ. ನಿನ್ನ ಕಿವಿಗೂ ಒಂದು ಕನ್ನಡಕ ಹಾಕಿಸ್ಕೋ."

ಮಾರನೇ ದಿನ ಹೋಗಿ ಮರದೊಳಗೆ ಕಣ್ಣು ಹಾಯಿಸಿದೆ. ಎಲೆಗಿಂತ ಚೆನ್ನಾಗಿ ಹಸಿರು ಬಳಿದ ಪೆಟ್ಟಿಗೆ. ಕಾವಲುಗಾರ ವಿನಯದಿಂದ ವಿವರಿಸಿದ: "ನೆಮ್ಮದಿ ಪೆಟ್ಟಿಗೆ ಸಾರ್. ವಾಕಿಂಗ್ ಬರೋರಿಗೆ ಹಕ್ಕಿ ಸದ್ದು ಸಿಗ್ತಿಲ್ಲ ಅಂತ ದೂರು ಬಂದಿತ್ತಂತೆ. ಹದಿನೈದು ದಿನ ಆಯ್ತು ಹಾಕಿ." ನಾಲ್ಕು ನಿಮಿಷದ ಹಾಡು, ಬೆಳಗಿನಿಂದ ಸಂಜೆಯವರೆಗೆ ತಿರುಗಿ ತಿರುಗಿ ಬರುತ್ತದೆ. ಯಾವ ಕಾಡಿನಲ್ಲಿ ಯಾವ ಪುಣ್ಯಾತ್ಮ ಅದನ್ನು ಧ್ವನಿಮುದ್ರಿಸಿದನೋ, ಅವನ ನೆಗಡಿಯೂ ಜೊತೆಗೇ ಬಂದಿದೆ. ಮೂರು ಮರದಲ್ಲಿ ಮೂರು ಪೆಟ್ಟಿಗೆ, ಒಂದೊಂದರಲ್ಲಿ ಒಂದೊಂದು ಹಾಡು. ಹಕ್ಕಿಗಳು ಕಡಿಮೆಯಾದವು ಎಂಬ ದೂರಿಗೆ ಇಷ್ಟು ಚುರುಕಾದ ಪರಿಹಾರ ಬೇರೆ ಯಾವ ಕಚೇರಿಗೆ ಹೊಳೆದೀತು?

ತಪ್ಪು ನನ್ನದೂ ಹೌದು, ಅದನ್ನು ತಿದ್ದಿಕೊಳ್ಳಲು ತಮ್ಮ ಕಚೇರಿಯ ಎಣಿಕೆ ವಿಭಾಗಕ್ಕೆ ಹೋದೆ. ಅಲ್ಲಿನ ಗುಮಾಸ್ತರು ನನ್ನದೇ ಕನ್ನಡಕವನ್ನು ಹಣೆಗೇರಿಸಿಕೊಂಡು ನನ್ನದೇ ಸಹಿ ತೋರಿಸಿದರು.

"ನೀವು ಕೇಳಿದ್ದನ್ನೇ ತಾನೇ ಬರೆದಿದ್ದು?"

"ಹೌದು. ಆದ್ರೆ ಅದು ಪೆಟ್ಟಿಗೆ ಸ್ವಾಮಿ."

"ಕೇಳಿಸಿದ ದನಿ ಬರೀಬೇಕು ಅಂತಿದೆ ನಿಯಮ. ಯಾರ ದನಿ ಅಂತ ಕೇಳೋ ಕಾಲಮ್ಮೇ ಇಲ್ಲವಲ್ಲ."

ಫಾರಮ್ಮು ತಿರುಗಿಸಿ ನೋಡಿದೆ. ನಿಜಕ್ಕೂ ಇರಲಿಲ್ಲ. ಪಾಪ, ಆ ಕಾಲದಲ್ಲಿ ನಿಯಮ ಬರೆದವರು ಹಕ್ಕಿಯ ದನಿ ಹಕ್ಕಿಯಿಂದಲೇ ಬರುತ್ತದೆಂದು ನಂಬಿದ್ದರು. ಹಾಗಾದರೆ ಮಾನ್ಯರೇ, ಪೆಟ್ಟಿಗೆಯ ಇಪ್ಪತ್ತನಾಲ್ಕನ್ನು ಒಪ್ಪಿಕೊಂಡವರು ಸೀನಿದವನನ್ನೇಕೆ ಕೈಬಿಟ್ಟಿರಿ? ಅವನೂ ಮರದಿಂದಲೇ ಕೇಳಿಸಿದ್ದು. ಅವನನ್ನೂ ಸೇರಿಸಿದ್ದರೆ ಉದ್ಯಾನದ ಜನಸಂಖ್ಯೆಯೂ ಹೆಚ್ಚುತ್ತಿತ್ತಲ್ಲ.

ಇಷ್ಟಾಗಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಸುಮ್ಮನಾಗಲು ಬಿಡದಿರುವವನು ಒಬ್ಬ ಮಡಿವಾಳ ಹಕ್ಕಿ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಅಂಗೈಯಗಲದ ಜೀವ. ಪೊದೆಯ ಹಿಂದಿನ ಗೋಡೆಯ ತೂತಿನಲ್ಲಿ ಅವನ ಹೆಂಡತಿ, ಮೂರು ಮರಿ. ಈ ಹಕ್ಕಿಯ ಗಂಡು ತನ್ನ ಜಾಗದಲ್ಲಿ ಬೇರೆ ಗಂಡು ಹಾಡಿದರೆ ಸಹಿಸುವುದಿಲ್ಲ, ಹಾಡಿಯೇ ಓಡಿಸಬೇಕು. ಹತ್ತಿರದ ಮರದ ಪೆಟ್ಟಿಗೆಯಲ್ಲಿ ಇನ್ನೊಬ್ಬ ಮಡಿವಾಳ ಹಾಡುತ್ತಿದ್ದಾನೆ. ನಮ್ಮವನು ಬೆಳಗಾದರೆ ಅದರ ಮೇಲೆ ಕೂತು, ಬಾಲ ನಿಗುರಿಸಿ, ಕುತ್ತಿಗೆ ಉಬ್ಬಿಸಿ ಹಾಡುತ್ತಾನೆ, ಕುಕ್ಕುತ್ತಾನೆ, ಮತ್ತೆ ಹಾಡುತ್ತಾನೆ. ಪೆಟ್ಟಿಗೆಗೆ ಹಸಿವಿಲ್ಲ, ಸುಸ್ತಿಲ್ಲ, ಸಂಸಾರವಿಲ್ಲ. ಮರಿಗಳಿಗೆ ಹುಳ ತರುವುದೆಲ್ಲ ಹೆಂಡತಿಯ ತಲೆಗೇ ಬಿದ್ದಿದೆ. ಮೂರು ಮರಿಯಲ್ಲಿ ಈಗ ಎರಡು ಮಾತ್ರ ಬಾಯಿ ತೆರೆಯುತ್ತಿವೆ. ಅವು ಗೂಡು ಬಿಟ್ಟು ಹಾರಲು ಇನ್ನೂ ಎರಡು ವಾರ ಬೇಕು, ಒಂದನೇ ತಾರೀಖಿಗೆ ಉಳಿದಿರುವುದು ಎಂಟು ದಿನ.

ಹೋದ ವಾರ ಅಕ್ಕ ಊರುಗೋಲು ಹಿಡಿದು ಮೊದಲ ಸಲ ಹೊರಗೆ ಬಂದಳು. ನೇರವಾಗಿ ಆ ಮರದ ಕೆಳಗೆ ಕೂರಿಸು ಎಂದಳು. ತುಂಬ ಹೊತ್ತು ಕೇಳಿ, "ಆ ಕಡೆಯಿಂದ ಉತ್ತರ ಬರ್ತಿದೆ ಅಂತ ತಿಳ್ಕೊಂಡಿದಾನೆ ಕಣೋ" ಎಂದಳು.

ಮನೆಗೆ ಬಂದರೆ ನನ್ನ ಮೂರನೇ ಪತ್ರಕ್ಕೆ ತಮ್ಮ ಉತ್ತರ ಬಂದಿತ್ತು. ಅಕ್ಕ ಗಟ್ಟಿಯಾಗಿ ಓದಿಸಿದಳು: "ತಮ್ಮ ಕಾಳಜಿಗೆ ಧನ್ಯವಾದಗಳು. ವಿಷಯವು ಪರಿಶೀಲನೆಯಲ್ಲಿದೆ." ಮೊದಲೆರಡನ್ನೂ ಓದು ಎಂದಳು. ಓದಿದೆ. ಅಕ್ಷರ, ಪೂರ್ಣವಿರಾಮ, ಎಲ್ಲ ಒಂದೇ. ಅಕ್ಕ ತಲೆದೂಗಿದಳು. "ಸೀನೊಂದು ಸೇರಿಸಿದ್ರೆ ಸಾಕಿತ್ತು" ಎಂದಳು.

ಮಾನ್ಯರೇ, ನಮ್ಮ ಬೇಡಿಕೆ ದೊಡ್ಡದೇನಲ್ಲ. ನನ್ನ ಇಪ್ಪತ್ತನಾಲ್ಕನ್ನು ಹೊಡೆದುಹಾಕಿ. ಪೆಟ್ಟಿಗೆಗಳ ಬಾಯಿ ಮುಚ್ಚಿಸಿ, ಪೊದೆಯ ತಂಟೆಗೆ ಹೋಗಬೇಡಿ. ನನ್ನ ಮಾತಿನಲ್ಲಿ ಅನುಮಾನವಿದ್ದರೆ ಒಂದನೇ ತಾರೀಖಿನೊಳಗೆ ಯಾವುದಾದರೂ ಒಂದು ಬೆಳಿಗ್ಗೆ ಆರಕ್ಕೆ ತಾವೇ ಬನ್ನಿ. ಅಕ್ಕ ಕೇಳುತ್ತಾಳೆ, ಈ ಸಲ ಬರೆಯುವವರು ತಾವು. ಪೆನ್ಸಿಲು ನಾನು ಚೂಪು ಮಾಡಿ ಇಟ್ಟಿರುತ್ತೇನೆ. ಮುಂಜಾನೆಯ ಥಂಡಿಗೆ ತಮಗೆ ಸೀನು ಬಂದರೆ ತಡೆದುಕೊಳ್ಳಬೇಡಿ. ಅಕ್ಕ ಅದನ್ನೂ ಎಣಿಕೆಗೆ ಸೇರಿಸಲು ಒಪ್ಪಿದ್ದಾಳೆ: ಜೀವಂತ ಅಧಿಕಾರಿ, ಒಂದು.

ಇಂತಿ,
ಊರಿಗೆಲ್ಲ ಕಣ್ಣು ಕೊಟ್ಟು, ತನ್ನ ಕಿವಿಯನ್ನು ಮನೆಯಲ್ಲಿ ಮಲಗಿಸಿ ಹೋಗಿದ್ದ
ಕನ್ನಡಕದ ಅಂಗಡಿಯವನು