‘ಅಣ್ಣನ ಕಡಿ’ ಎಂದರೆ ಅಣ್ಣನನ್ನು ಕಡಿ ಎಂದಲ್ಲ

ಮೇಲ್ಮನವಿ ಕಡತಗಳನ್ನು ಇಂಗ್ಲಿಷಿಗೆ ಅನುವಾದಿಸುವ ವಿಭಾಗದ ಮುಖ್ಯ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಗಂಡ ರೇವಪ್ಪ ಅವರನ್ನು ಕೊಂದವನು ಅವರ ಒಡಹುಟ್ಟಿದ ತಮ್ಮ ಸಿದ್ದಾರೂಢ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ, ನ್ಯಾಯಾಲಯದಲ್ಲಿ ನಿಂತು ಹೇಳಿದ್ದೇನೆ. ಇಂದಿಗೂ ಅದರಲ್ಲಿ ಒಂದಕ್ಷರ ಬದಲಿಸುವವಳಲ್ಲ. ಆದರೆ ಅದೇ ಪ್ರಕರಣದಲ್ಲಿ ನನ್ನ ಅತ್ತೆ ಸಿದ್ದವ್ವ ಕೂಡ, ಕೊಲೆಗೆ ಕುಮ್ಮಕ್ಕು ಕೊಟ್ಟರೆಂದು, ಮಗನ ಜೊತೆಗೆ ಜೀವಾವಧಿ ಶಿಕ್ಷೆ ಅನುಭವಿಸುತ್ತಿದ್ದಾರೆ. ಅವರ ಮೇಲಿರುವ ಏಕೈಕ ಸಾಕ್ಷ್ಯ ನಾನು ಹೇಳಿದ ಒಂದು ಮಾತು. ಆ ಮಾತನ್ನು ಕೆಳಗಿನ ನ್ಯಾಯಾಲಯ ತಪ್ಪಾಗಿ ಓದಿತು. ಈಗ ಮೇಲ್ಮನವಿಗಾಗಿ ನೀವು ಅದನ್ನು ಇಂಗ್ಲಿಷಿಗೆ ತಂದು, ಆ ತಪ್ಪಿಗೆ ಸರಕಾರಿ ಮೊಹರು ಒತ್ತಿದ್ದೀರಿ.

ನಡೆದದ್ದು ಇಷ್ಟು. ಬಸವನ ಬಾಗೇವಾಡಿ ತಾಲೂಕಿನ ಗೊಳಸಂಗಿಯಲ್ಲಿ ನಮ್ಮ ಹೊಲ. ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ನಡುವೆ ಒಡ್ಡು ಹಾಕಿ ಹಂಚಿಕೊಂಡರು. ಕಾಲುವೆಯ ನೀರು ಬರುವ ತನಕ ಆ ಒಡ್ಡಿನ ಗೊಡವೆ ಯಾರಿಗೂ ಇರಲಿಲ್ಲ. ನೀರು ಬಂತು, ಮಣ್ಣಿಗೆ ಬೆಲೆ ಬಂತು, ಒಡ್ಡಿನ ಅಂಚಿಗಿದ್ದ ಬೇವಿನ ಮರ ಯಾರ ಪಾಲಿನದು ಎಂಬ ಜಗಳವೂ ಬಂತು. ಮರ ಸಿಕ್ಕವನಿಗೆ ಅದರ ಬುಡದ ನೆಲವೂ ಸಿಗುತ್ತದಲ್ಲ. ಅತ್ತೆ ಮಾತ್ರ ಊಟಕ್ಕೆ ಕೂತಾಗಲೆಲ್ಲ ಕಿರಿಮಗನಿಗೆ ಒಂದೇ ಮಾತು ಹೇಳುತ್ತಿದ್ದರು: “ಆ ಗಿಡ ಅಣ್ಣನ ಕಡಿ ಬರ್ತೈತೋ ತಮ್ಮಾ, ನಿಮ್ಮಪ್ಪನ ಹಂಗ ಹೇಳ್ಯಾನ. ಬಿಟ್ಟಬಿಡು.” ಅಂದು ನಾನೂ ಅತ್ತೆಯೂ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೋದಾಗ ಸಿದ್ದಾರೂಢ ಕೊಡಲಿ ಹಿಡಿದು ಬೇವಿನ ಬುಡದಲ್ಲಿದ್ದ. ನನ್ನ ಗಂಡ ಮರಕ್ಕೆ ಅಡ್ಡ ನಿಂತಿದ್ದರು. ಅತ್ತೆ ದೂರದಿಂದಲೇ ಕೂಗಿದರು: “ಸಿದ್ದೂ, ಅಣ್ಣನ ಕಡಿ, ಅಣ್ಣನ ಕಡಿ.” ಕೊಡಲಿ ಮರಕ್ಕೆ ಬೀಳಲಿಲ್ಲ.

ನಿಮ್ಮ ಅನುವಾದದಲ್ಲಿ ಆ ಕೂಗು ‘ಹ್ಯಾಕ್ ಯುವರ್ ಬ್ರದರ್’ ಆಗಿದೆ. ಅಣ್ಣನನ್ನು ಕೊಚ್ಚು ಎಂದು. ಮಾನ್ಯರೇ, ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ದಯವಿಟ್ಟು ಒಂದು ಸಣ್ಣ ಪಾಠಕ್ಕೆ ಅವಕಾಶ ಕೊಡಿ. ನಮ್ಮ ಕಡೆ ಮನೆ ‘ಮನಿ’ಯಾಗುತ್ತದೆ, ಶಾಲೆ ‘ಸಾಲಿ’ಯಾಗುತ್ತದೆ, ಕಡೆ ‘ಕಡಿ’ಯಾಗುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ ಎಲ್ಲಿಯಾದರೂ ನಿಂತು ‘ಈ ಬಸ್ ಯಾವ ಕಡಿ ಹೊಂಟೈತ್ರಿ’ ಎಂದು ಕೇಳಿ ನೋಡಿ. ಬಸ್ಸು ಯಾರನ್ನೋ ಕೊಚ್ಚಲು ಹೊರಟಿದೆಯೆಂದು ಯಾರೂ ಹೆದರಿ ಓಡುವುದಿಲ್ಲ. ಅಣ್ಣನನ್ನು ಕಡಿಯಲು ಹೇಳುವವರು ‘ಅಣ್ಣನ್ನ ಕಡಿ’ ಎನ್ನುತ್ತಾರೆ. ನಾನು ಹೇಳಿದ್ದು ‘ಅಣ್ಣನ ಕಡಿ’. ಸಾಕ್ಷ್ಯದ ಕನ್ನಡ ಪ್ರತಿಯಲ್ಲೂ ಹಾಗೆಯೇ ಇದೆ, ಒತ್ತಿಲ್ಲದೆ. ಆ ಒಂದು ನಕಾರದ ಒತ್ತನ್ನು ನೀವು ಎಲ್ಲಿಂದ ತಂದಿರಿ? ನಮ್ಮ ‘ಮನಿ’ ನಿಮ್ಮ ಕೈಗೆ ಸಿಕ್ಕಿದ್ದರೆ ಅದನ್ನು ಇಂಗ್ಲಿಷಿನ ದುಡ್ಡು ಮಾಡುತ್ತಿದ್ದಿರೇನೋ. ದುಡ್ಡಾದರೆ ಹೋಗಲಿ ಎನ್ನಬಹುದಿತ್ತು, ಇಲ್ಲಿ ಹೋಗುತ್ತಿರುವುದು ಒಬ್ಬ ಮುದುಕಿಯ ಉಳಿದ ಆಯುಷ್ಯ.

ಇದನ್ನು ಅಂದೇ ಯಾಕೆ ಬಿಡಿಸಿ ಹೇಳಲಿಲ್ಲ ಎಂದು ನೀವು ಕೇಳಬಹುದು. ಹೇಳಹೊರಟಿದ್ದೆ. ಸರಕಾರಿ ವಕೀಲರು ಅಲ್ಲಿಯೇ ತಡೆದರು. “ಅರ್ಥ ಹೇಳಬ್ಯಾಡ್ರಿ. ಅಕಿ ಏನ ಅಂದಳು, ಅಷ್ಟ ಹೇಳ್ರಿ.” ಅಷ್ಟನ್ನೇ ಹೇಳಿದೆ. ಅತ್ತೆಯ ಪರ ವಕೀಲರಾದರೂ ಕೇಳಬಹುದಿತ್ತು. ಆದರೆ ಆ ಮಹನೀಯರು ಸಿದ್ದವ್ವ ಅಂದು ಹೊಲಕ್ಕೆ ಬಂದೇ ಇರಲಿಲ್ಲ ಎಂದು ವಾದಿಸುತ್ತಿದ್ದರು. ಬಾರದೇ ಇದ್ದವಳ ಮಾತಿಗೆ ಅರ್ಥ ಹುಡುಕುವುದು ಹೇಗೆ? ಹೀಗೆ ಒಬ್ಬರಿಗೆ ಅರ್ಥ ಬೇಡವಾಯಿತು, ಇನ್ನೊಬ್ಬರಿಗೆ ಮಾತೇ ಬೇಡವಾಯಿತು. ತಾಯಿ ಕಡಿ ಎಂದಳು, ಮಗ ಕಡಿದ ಎಂದು ತೀರ್ಪು ಬಂತು. ತೀರ್ಪು ಓದುವಾಗ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅವರ ಮೇಲೆ ಸುಳ್ಳು ಹೇಳಿದೆನೆಂದು ಆ ಕ್ಷಣ ಅವರಿಗೆ ಅನ್ನಿಸಿರಬೇಕು, ಆ ನೋಟ ನನಗೆ ಇನ್ನೂ ನಿದ್ದೆ ಕೊಟ್ಟಿಲ್ಲ.

ಅಂದಿನಿಂದ ನಾನು ತಿರುಗದ ಕಚೇರಿಯಿಲ್ಲ, ಮತ್ತು ಎಲ್ಲ ಬಾಗಿಲುಗಳೂ ನನ್ನನ್ನು ಒಳಗೆ ಹಾಕಿಕೊಂಡೇ ಮುಚ್ಚುತ್ತವೆ. ಸರಕಾರಿ ವಕೀಲರು ಹೇಳುತ್ತಾರೆ: “ಒಂದ ಮಾತ ತಪ್ಪಾಗೈತಿ ಅಂದ್ರ, ಅವರ ವಕೀಲರು ನೀವು ಹೇಳಿದ್ದೆಲ್ಲಾ ತಪ್ಪ ಅಂತಾರ್ರಿ. ಕಂಡಾಕಿ ನೀವೊಬ್ರ. ಸುಮ್ಮ ಇರ್ರಿ.” ಸಿದ್ದಾರೂಢನ ಕಡೆಯವರು ಮನೆಗೇ ಬಂದು ಚಹಾ ಕುಡಿದು ಹೇಳುತ್ತಾರೆ: “ಗದ್ದಲದಾಗ ಏನೂ ತಿಳೀಲಿಲ್ಲ ಅಂತ ಬರದ ಕೊಡ್ರಿ ಅಕ್ಕಾರ, ನಿಮ್ಮ ಅತ್ತಿ ಮನಿಗೆ ಬರ್ತಾರ.” ಅತ್ತೆಯ ಬೆನ್ನ ಹಿಂದೆಯೇ ಕೊಂದವನೂ ಬರುತ್ತಾನೆ ಎಂಬುದನ್ನು ಅವರು ಹೇಳುವುದಿಲ್ಲ. ತವರು ದೇವಣಗಾಂವಕ್ಕೆ ಹೋದರೆ ನನ್ನ ಅಣ್ಣ ಮುಖ ಕೊಟ್ಟು ಮಾತಾಡುವುದಿಲ್ಲ. “ಗಂಡನ್ನ ಕೊಂದಾವನ ತಾಯಿ ಸಲವಾಗಿ ಅಡ್ಡಾಡತಿ. ನಾಚಿಕಿ ಬರೂದಿಲ್ಲೇನ ನಿನಗ?” ನನ್ನ ಗಂಡನಿಗೂ ಅವರೇ ತಾಯಿ ಎಂಬುದು ಎಲ್ಲರಿಗೂ ಮರೆತೇಹೋಗಿದೆ. ಬಾಯಿ ತೆರೆದರೆ ಕೊಲೆಗಾರ ಪಾರಾಗುತ್ತಾನೆ, ಮುಚ್ಚಿದರೆ ನಿರಪರಾಧಿ ಕೊಳೆಯುತ್ತಾಳೆ. ನ್ಯಾಯ ಕೇಳಲು ಬಂದ ಸಾಕ್ಷಿಯನ್ನು ಹೀಗೆ ಕಟ್ಟಿಹಾಕುವ ವ್ಯವಸ್ಥೆಯನ್ನು ಏನೆಂದು ಕರೆಯಬೇಕು? ನಿಮ್ಮಲ್ಲಿ ಇದಕ್ಕೊಂದು ಇಂಗ್ಲಿಷ್ ಪದ ಇದ್ದೀತು.

ಹೋದ ತಿಂಗಳು ಜೈಲಿಗೆ ಹೋಗಿ ಅತ್ತೆಗೆ ಎಲ್ಲವನ್ನೂ ಹೇಳಿದೆ. ನನ್ನ ಮಾತನ್ನು ಹೇಗೆ ತಿರುಚಿ ಓದಿದರು ಎಂಬುದನ್ನೂ, ನಾನು ಮತ್ತೆ ಹೇಳಿಕೆ ಕೊಡಲು ತಯಾರಿರುವುದನ್ನೂ ತಿಳಿಸಿದೆ. ಅವರು ಹೇಳಿದರು: “ಬ್ಯಾಡವಾ ವಿದ್ಯಾ. ನಿನ್ನ ಸಾಕ್ಷಿ ಮುರದ್ರ ಅಂವ ಹೊರಗ ಬರ್ತಾನ. ಬಂದ್ರ ನಿನ್ನ ಬಿಡಂಗಿಲ್ಲ. ಅವನ್ನ ಹಡದಾಕಿ ನಾ, ನನಗ ಗೊತ್ತೈತಿ. ಅಂವ ಹೊರಗ ಬರೂದಕ್ಕಿಂತ ನಾ ಒಳಗ ಇರೂದ ಚೊಲೊ.” ನಾನು ಅಲ್ಲಿಯೇ ಅತ್ತುಬಿಟ್ಟೆ. ಒಬ್ಬ ಮಗನನ್ನು ಕಳೆದುಕೊಂಡ ಹೆಂಗಸು, ಇನ್ನೊಬ್ಬ ಮಗನಿಂದ ಸೊಸೆಯನ್ನು ಕಾಯಲು ಜೈಲಿನಲ್ಲಿ ಕೂತಿದ್ದಾರೆ. ನಿಮ್ಮ ಕಡತದಲ್ಲಿ ಅವರು ಎರಡನೇ ಆರೋಪಿ.

ಆದ್ದರಿಂದ ನಾನು ದಯೆ ಕೇಳುತ್ತಿಲ್ಲ, ಸರಿಯಾದ ಅನುವಾದ ಕೇಳುತ್ತಿದ್ದೇನೆ. ವಿಚಾರಣೆ ಶುರುವಾಗುವ ಮೊದಲು ಆ ಸಾಲನ್ನು ತಿದ್ದಿ, ‘ಅದು ನಿನ್ನ ಅಣ್ಣನ ಕಡೆಗಿದೆ’ ಎಂಬ ಅರ್ಥ ಬರುವಂತೆ ಬರೆದು, ಮೂಲ ಕನ್ನಡವನ್ನು ಪಕ್ಕದಲ್ಲಿಟ್ಟು ನ್ಯಾಯಪೀಠದ ಮುಂದೆ ಇಡಿ. ನನ್ನ ಮೇಲೆ ನಂಬಿಕೆ ಬಾರದಿದ್ದರೆ ಈ ನಾಲ್ಕು ತಾಲೂಕಿನ ಯಾರನ್ನಾದರೂ ಕರೆದು ಕೇಳಿ. ಸಾಕ್ಷ್ಯದ ಉಳಿದ ಯಾವ ಸಾಲನ್ನೂ ಮುಟ್ಟಬೇಡಿ, ಅದೆಲ್ಲ ಕಂಡದ್ದು ಕಂಡಂತೆ ಹೇಳಿದ್ದು, ಅದಕ್ಕೆ ಸಿದ್ದಾರೂಢನ ಶಿಕ್ಷೆ ಹಾಗೆಯೇ ಇರಬೇಕು. ನನ್ನ ಗಂಡ ಸಾಯುವ ಮುನ್ನ ಅವರ ಪರವಾಗಿ ಮಾತಾಡಿದವರು ಜಗತ್ತಿನಲ್ಲಿ ಒಬ್ಬರೇ, ಅವರ ತಾಯಿ. ಆ ಮಾತಿಗಾಗಿಯೇ ಆ ತಾಯಿಗೆ ಜೀವಾವಧಿ ಶಿಕ್ಷೆಯಾಗಿದೆ.

ಇಂತಿ,
ಸತ್ತವರ ಹೆಂಡತಿ, ಸರಕಾರದ ಸಾಕ್ಷಿ, ಎರಡನೇ ಆರೋಪಿಯ ಸೊಸೆ,
ಮೂರೂ ಒಬ್ಬಳೇ ಆಗಿರುವ
ವಿದ್ಯಾವತಿ
ಗೊಳಸಂಗಿ