ಮುರಿದ ಹಲಗೆಯ ಸುತ್ತ ಎಂಟು ವೀರರು

ಹುಬ್ಬಳ್ಳಿ
ಫೆಬ್ರವರಿ ೩೦, ೨೧೯೭

ನಮಗಿಂತ ಮೊದಲು ಬದುಕಿದವರಿಗೆ,

ತಾರೀಖು ತಪ್ಪಿಲ್ಲ. ‘ರಕ್ಷಾ’ ಎಂಬ ಆಟದ ವರ್ಷದ ಕೊನೆಯ ಪಂದ್ಯಕ್ಕೆ ದಿನ ಸಾಲದೆ ಬಂದಾಗ ಫೆಬ್ರವರಿಯನ್ನೇ ಹಿಗ್ಗಿಸಿದರು. ಯಾರೂ ತಕರಾರು ಮಾಡಲಿಲ್ಲ. ಈ ಕಾಗದದಲ್ಲಿ ನಿಮಗೆ ಒಗ್ಗದ ಕೆಲವು ಮಾತುಗಳು ಬರುತ್ತವೆ, ಕ್ಷಮಿಸಿ. ಅರ್ಥ ಹೇಳುತ್ತ ಹೋಗುತ್ತೇನೆ. ಅವುಗಳ ಬೇರು ನಿಮ್ಮ ಕಾಲದಲ್ಲೇ ಇರುವುದರಿಂದ ಬಹಳ ಕಷ್ಟವಾಗಲಾರದು.

ನನ್ನ ಹೆಸರು ಅನಸೂಯಾ ಹೆಬಸೂರ. ವಯಸ್ಸು ನೂರು ದಾಟಿದೆ. ಈಗ ಅದೇನು ದೊಡ್ಡ ವಯಸ್ಸಲ್ಲ. ನಾನು ಸೂಪರ್‌ಹೀರೋಗಳನ್ನು ಕಂಡರಾಗದವಳೆಂದು ತಿಳಿಯಬೇಡಿ. ಮುತ್ತಜ್ಜಿ ಕೂಡಿಸಿಟ್ಟ ಒಂದು ಕಪಾಟು ಕಾಮಿಕ್ಸ್ ಓದಿಯೇ ನಾನು ಅಕ್ಷರ ಕಲಿತೆ. ಅದರಲ್ಲಿ ‘ಕಂಬಳಿವೀರ’ ಎಂಬವನೊಬ್ಬನಿದ್ದ. ಹೆಗಲ ಮೇಲಿನ ಕರಿಕಂಬಳಿ ಬೀಸಿ ಹಾರುತ್ತಿದ್ದ. ಒಂದು ಸಂಚಿಕೆಯಲ್ಲಿ, ಬೆಂಕಿ ಬಿದ್ದ ಮಿಲ್ಲಿನಿಂದ ಕೂಲಿಗಳನ್ನು ಹೊರಗೆ ತಂದ ಮೇಲೆ, ಚಳಿಗೆ ನಡುಗುತ್ತಿದ್ದ ಮುದುಕನಿಗೆ ಆ ಕಂಬಳಿ ಹೊದಿಸುತ್ತಾನೆ. ಇನ್ನು ಹಾರುವಂತಿಲ್ಲ. ಮನೆಗೆ ನಡೆದುಕೊಂಡು ಹೋಗುತ್ತಾನೆ. ಕೊನೆಯ ಚಿತ್ರದಲ್ಲಿ ಅವನ ಬೆನ್ನಷ್ಟೇ ಕಾಣುತ್ತದೆ. ಆ ಪುಟವನ್ನು ನಾನು ಇಂದಿಗೂ ನೋಡದೆ ಬಿಡಿಸಬಲ್ಲೆ.

ಅದೇ ಕಪಾಟನ್ನು ಕೆಳಗಿನ ಹಲಗೆಯಿಂದ ಮೇಲಕ್ಕೆ ಓದುತ್ತ ಬಂದರೆ ಹೊಲಸು ಹೇಗೆ ಏರಿತೆಂದು ತಿಳಿಯುತ್ತದೆ. ಮೊದಲು ಕಂಬಳಿವೀರನನ್ನು ಕೊಂದರು. ಓದುಗರು ಅತ್ತರು, ಮಾರಾಟ ಏರಿತು, ಮುಂದಿನ ಬೇಸಿಗೆಗೆ ಅವನನ್ನು ಎಬ್ಬಿಸಿ ಕೂರಿಸಿದರು. ಮತ್ತೆ ಕೊಂದರು. ಈ ಸಲ ಯಾರೂ ಅಳಲಿಲ್ಲ. ಆಮೇಲೆ ಅವನು ಬೇರೆ ವೀರರೊಂದಿಗೆ ಹೊಡೆದಾಡತೊಡಗಿದ, ಯಾಕೆಂದರೆ ಯಾರು ಹೆಚ್ಚು ಬಲಶಾಲಿ ಎಂದು ನಿಮಗೆ ತಿಳಿಯಬೇಕಿತ್ತು. ಕಾಪಾಡಬೇಕಾದ ಜನ ಚಿತ್ರದ ಮೂಲೆಗೆ ಸರಿದು, ಕಡೆಗೆ ಮುಖವಿಲ್ಲದ ಚುಕ್ಕಿಗಳಾದರು. ಅವನು ಆನ್‌ಲೈನ್ ಆಟವಾದ ಮೇಲೆ ಕಂಬಳಿಯನ್ನು ಬಣ್ಣಬಣ್ಣದಲ್ಲಿ ಮಾರಿದರು. ಯಾರಿಗೂ ಹೊದಿಸಲಾಗದ ಕಂಬಳಿ. ನೀವು ಅದನ್ನೂ ಕೊಂಡಿರಿ. ನಿಮ್ಮ ಹಳೆಯ ಚರ್ಚೆಗಳನ್ನೆಲ್ಲ ನಾನು ಓದಿದ್ದೇನೆ. ಯಾರ ಮುಷ್ಟಿ ದೊಡ್ಡದು ಎಂದು ವರ್ಷಗಟ್ಟಲೆ ಬೈದಾಡಿಕೊಂಡಿದ್ದೀರಿ. ಆ ಮುಷ್ಟಿಗೆ ಉರುಳಿದ ಕಟ್ಟಡದ ಕೆಳಗೆ ಯಾರಿದ್ದರೆಂದು ಕೇಳಿದ ಒಂದು ಸಾಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಈಗ ಆಟ ಓಣಿಗೆ ಇಳಿದಿದೆ. ಹಾರುವ ಉಡುಪು ತೊಟ್ಟು ರಕ್ಷಾ ಆಡುವವರನ್ನು ನಾವು ‘ಮೇಲಂಗಿಗಳು’ ಎನ್ನುತ್ತೇವೆ. ಆಪತ್ತಿನಲ್ಲಿರುವವರನ್ನು ಮೊದಲು ಮುಟ್ಟಿದ ಮೇಲಂಗಿಗೆ ‘ಮೊದಲ ಕೈ’ ಎಂಬ ಅಂಕ. ಆಟಗಾರರಲ್ಲದವರು ಕೈ ಹಾಕಿದರೆ ಅದು ‘ಕಳ್ಳ ರಕ್ಷಣೆ’. ಹಾಗಾಗಿ ಬಿದ್ದವರನ್ನು ಎತ್ತದೆ ಸುಮ್ಮನೆ ನಿಲ್ಲುವುದು ನಮ್ಮಲ್ಲಿ ಸಭ್ಯತೆ. ಮಕ್ಕಳಿಗೆ ಶಾಲೆಯಲ್ಲಿ ಇದನ್ನು ಕಲಿಸುತ್ತಾರೆ. ಹೆಚ್ಚು ರಕ್ಷಣೆ ನಡೆದ ಓಣಿಗೆ ಹೆಚ್ಚು ಹೊತ್ತು ನಲ್ಲಿ ನೀರು. ರಕ್ಷಣೆ ನಡೆಯಬೇಕಾದರೆ ಅಪಾಯ ಬೇಕಲ್ಲ? ನಮ್ಮ ಓಣಿಯ ಪಾಲಿಗೆ ಇರುವ ಅಪಾಯವೆಂದರೆ ನಾಲಾದ ಮೇಲಿನ ಕಾಲುಸೇತುವೆಯ ಮುರಿದ ಹಲಗೆ. ಯುಗಾದಿಗೆ ಅದಕ್ಕೆ ಮಾವಿನ ತೋರಣ ಕಟ್ಟುತ್ತಾರೆ. ಸರಿ ಮಾಡಿಸೋಣ ಎಂದವರು ನೀರಿನ ವೈರಿಗಳು.

ಹೋದ ವಾರ ನನ್ನ ಪಕ್ಕದ ಮನೆಯ ಗೆಳತಿ ರಾಜಮಾ ರೊಟ್ಟಿ ಬುಟ್ಟಿ ಹೊತ್ತು ದಾಟುವಾಗ ಅಲ್ಲಿ ಜಾರಿದಳು. ಕಂಬಿ ಹಿಡಿದು ಜೋತಾಡುತ್ತಿದ್ದಳು. ಎಂಟು ಮೇಲಂಗಿಗಳು ಬಂದಿಳಿದು, ಮೊದಲ ಕೈ ಯಾರದೆಂದು ಜಗಳಕ್ಕೆ ನಿಂತರು.

“ಯಪ್ಪಾ, ಯಾರರ ಒಬ್ಬರು ಕೈ ಕೊಡ್ರೋ. ಅಂಗಿ ಆಮ್ಯಾಲೆ ಸರಿ ಮಾಡ್ಕೋರಿ,” ಎಂದಳು ರಾಜಮಾ.

“ಸ್ವಲ್ಪ ತಡ್ಕೋ ಅಜ್ಜಿ, ಇಂವ ನನ್ನ ಪಾಳಿ ಕಸಗೊಳ್ಳಾಕತ್ಯಾನ,” ಎಂದ ಬಂಗಾರ ಬಣ್ಣದ ಮೇಲಂಗಿ.

“ತಡ್ಕೊಳ್ಳಾಕ ನಾ ಏನ್ ಜೋಕಾಲಿ ಆಡಾಕತ್ತೀನೇನೋ, ಭಾಡ್ಯಾ?”

ನಾನು ಕೈ ಚಾಚಿದೆ. ಸುತ್ತ ನಿಂತವರು ನನ್ನ ಸೆರಗು ಹಿಡಿದು ಹಿಂದಕ್ಕೆಳೆದರು. “ಅನಸೂಯಾಬಾಯಿ, ನೀರಿಂದರ ವಿಚಾರ ಮಾಡ್ರಿ,” ಎಂದರು. ಅಷ್ಟರಲ್ಲಿ ಅವಳ ಹಿಡಿತ ತಪ್ಪಿತು. ನಾಲಾದ ಕಲ್ಲಿಗೆ ಬಿದ್ದು ಮುಂಗೈ ಮುರಿಯಿತು. ಆಗ ಎಂಟೂ ಮಂದಿ ಒಟ್ಟಿಗೆ ಹಾರಿ ಅವಳನ್ನು ದಂಡೆಗೆ ತಂದರು. ಅವರ ಉಡುಪಿನ ಕ್ಯಾಮೆರಾಗಳಲ್ಲಿ ದೃಶ್ಯ ಚೆನ್ನಾಗಿ ಬಂದಿರಲಿಲ್ಲ. “ಅಜ್ಜಿ, ಇನ್ನೊಮ್ಮೆ ಒಂದೀಟು ಜೋತುಬೀಳ್ತೀರೇನು?” ಎಂದು ಒಬ್ಬ ಕೇಳಿದ. ರಾಜಮಾ ಗಟ್ಟಿಯಿದ್ದ ಕೈಯಿಂದ ಕೆಸರು ಮೆತ್ತಿದ ಚಪ್ಪಲಿ ತೆಗೆದು ಅವನ ಎದೆಯ ಲಾಂಛನದ ಮೇಲೆ ಬಾರಿಸಿದಳು. ಆ ದೃಶ್ಯ ಬಹಳ ಚೆನ್ನಾಗಿ ಬಂತು. ಅದನ್ನು ಯಾರೂ ಹಂಚಲಿಲ್ಲ.

ನಿನ್ನೆ ನಾವಿಬ್ಬರೂ ಆ ಸೇತುವೆಗೆ ಹೊಸ ಹಲಗೆ ಜಡಿದೆವು. ಕಾಮಿಕ್ಸ್ ಇಟ್ಟಿದ್ದ ಕಪಾಟಿನಿಂದಲೇ ತೇಗದ ಹಲಗೆ ಕಿತ್ತು ತಂದಿದ್ದೆ. ಈಗ ಕಂಬಳಿವೀರ ನನ್ನ ಮನೆಯ ನೆಲದ ಮೇಲೆ ಬಿದ್ದುಕೊಂಡಿದ್ದಾನೆ, ಅವನು ಬೇಸರ ಮಾಡಿಕೊಳ್ಳುವವನಲ್ಲ. ರಾಜಮಾ ಕೈಗೆ ಕಟ್ಟು ಹಾಕಿಸಿಕೊಂಡೇ ಬಂದು ಹಲಗೆಯ ಮೇಲೆ ಕಾಲೂರಿ ನಿಂತಳು, ನಾನು ಮೊಳೆ ಹೊಡೆದೆ. ಇವತ್ತು ಬೆಳಿಗ್ಗೆ ಜನ ಅದರ ಮೇಲೆ ಕೆಳಗೆ ನೋಡದೆ ಓಡಾಡಿದರು. ಯಾರೂ ಬೀಳಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ನಾವು ಮಾಡಿದ್ದಕ್ಕೆ ಇಲ್ಲಿ ‘ಅಪಾಯ ನಾಶ’ ಎನ್ನುತ್ತಾರೆ, ಅದು ಅಪರಾಧ. ಓಣಿಯವರು ಇವತ್ತು ಕೊನೆಯ ಪಂದ್ಯ ನೋಡಲು ಹೋಗಿದ್ದಾರೆ. ನಾಳೆ ಹೊಸ ಆಟ ಶುರುವಾಗುವ ಮೊದಲು ಬಂದು ಹಲಗೆ ಕೀಳುತ್ತಾರೆ. ಮೇಲಂಗಿಗಳಲ್ಲ, ನನ್ನ ಮನೆಯ ಉಪ್ಪಿನಕಾಯಿ ತಿಂದ ನೆರೆಯವರೇ.

ನಿಮ್ಮನ್ನು ಬೈಯುವುದಕ್ಕೆಂದೇ ಈ ಕಾಗದ ಹಿಡಿದೆ. ಬೈದದ್ದರಲ್ಲಿ ಒಂದು ಮಾತನ್ನೂ ಹಿಂದೆಗೆದುಕೊಳ್ಳುವುದಿಲ್ಲ. ಆದರೂ ಒಂದು ಕೇಳಿಕೆಯಿದೆ. ಇನ್ನು ಮೇಲೆ ಯಾವ ಕಾಮಿಕ್ಸಿನಲ್ಲಾದರೂ, ಯಾವ ಆಟದಲ್ಲಾದರೂ ಸೇತುವೆ ಕುಸಿದು ವೀರನೊಬ್ಬ ಹಾರಿ ಬಂದರೆ, ಚಪ್ಪಾಳೆಗೆ ಕೈ ಎತ್ತುವ ಮೊದಲು, ಆ ಸೇತುವೆಯನ್ನು ಅಷ್ಟು ದಿನ ಹಾಗೇ ಬಿಟ್ಟವರು ಯಾರೆಂದು ಕೇಳಿ. ನಿಮ್ಮ ಓಣಿಯಲ್ಲೂ ಒಂದು ಮುರಿದ ಹಲಗೆ ಇದ್ದೇ ಇರುತ್ತದೆ.

ನಾಳೆ ಅವರು ಬರುವ ಹೊತ್ತಿಗೆ ರಾಜಮಾ ಮತ್ತು ನಾನು ಹಲಗೆಯ ಮೇಲೆ ಕೂತಿರುತ್ತೇವೆ. ಅವಳು ರೊಟ್ಟಿ ಕಟ್ಟಿಕೊಂಡು ಬರುತ್ತೇನೆಂದಿದ್ದಾಳೆ. ನಮ್ಮನ್ನು ಕಾಪಾಡಲು ಯಾರೂ ಬರುವುದು ಬೇಡ. ಬರಲೇಬೇಕೆನ್ನುವವರು ಮೊಳೆ ತನ್ನಿ.

ಅನಸೂಯಾ ಹೆಬಸೂರ