ಎರಡೂರಿನ ಬ್ರಾಹ್ಮಿ

ಲೇಕ್ ಗಾರ್ಡನ್ಸ್, ಕೋಲ್ಕತ್ತ
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ಹಂಸಾ,

ನಾವಿಲ್ಲಿ ಬೆವರುತ್ತಾ ಕ್ಷೇಮ. ನೀವು ಮೈಸೂರಿನಲ್ಲಿ ಬೆವರದೆ ಕ್ಷೇಮವಾಗಿದ್ದೀರಿ ಎಂದು ನಿನ್ನ ಮಗಳು ಹೇಳಿದಳು, ಕೇಳಿ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಕಾಗದ ತಡವಾಯಿತು, ಬೈಯಬೇಡ. ಬೈಯಲೇಬೇಕೆಂದರೆ ಪೂರ್ತಿ ಓದಿ ಆಮೇಲೆ ಬೈ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀ. ಹೇಳಿದರೆ ನೀನು ಕೇಳುವ ಪೈಕಿಯಾ ಮಾರಾಯ್ತಿ? ಲ್ಯಾಬ್ ಎಂಬ ಶಬ್ದ ನನ್ನ ಬಾಯಿಂದ ಬಿದ್ದ ಕೂಡಲೇ ನಿನ್ನ ಮನೆಯಲ್ಲಿ ಹಾಲು ಉಕ್ಕುತ್ತದೆ, ಫೋನ್ ಕಟ್ಟಾಗುತ್ತದೆ. ಇಪ್ಪತ್ತೈದು ವರ್ಷದಲ್ಲಿ ನೀನು ಉಕ್ಕಿಸಿದ ಹಾಲಿನಲ್ಲಿ ಒಂದು ಡೈರಿ ನಡೆಸಬಹುದಿತ್ತು. ಅದಕ್ಕೇ ಕಾಗದ. ಒಲೆ ಆರಿಸಿ, ಕುಳಿತು ಓದು.

ಸುದ್ದಿ ಲ್ಯಾಬಿನದೇ, ಹೊಟ್ಟೆ ಕೆಡಿಸುವ ಆ ನಿನ್ನ ಅಮೀಬಾಗಳದ್ದೇ. ನಮ್ಮ ಗೈಡ್ ಲಾಹಿರಿ ಸರ್ ಆ ಮಧ್ಯಾಹ್ನ ಎಲ್ಲರೆದುರು ನಿನ್ನನ್ನು ಇಲ್ಲದ ಅಂಕಿಅಂಶ ಹುಟ್ಟಿಸಿದವಳು ಎಂದರಲ್ಲ, ನೀನು ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ರೈಲು ಹತ್ತಿದೆಯಲ್ಲ, ಆ ವಿಷಯ. ಕಾಗದ ಮಡಚಬೇಡ. ನೀನು ಏನನ್ನೂ ಹುಟ್ಟಿಸಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು, ಆದರೆ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಈಗ ಇದೆ.

ಹೋದ ತಿಂಗಳು ಒಂದು ಭಾನುವಾರ ನಿನ್ನ ಶ್ರಾವ್ಯಳನ್ನು ಊಟಕ್ಕೆ ಕರೆದಿದ್ದೆ. ಜೋಕಾದ ಹಾಸ್ಟೆಲಿನಲ್ಲಿ ಆಲೂಗಡ್ಡೆ ತಿಂದು ತಿಂದು ತನ್ನ ಮುಖವೇ ಆಲೂಗಡ್ಡೆಯಾಗಿದೆ ಎಂದು ಅವಳ ದೂರು. ಬಸ್ ಕಂಡಕ್ಟರನ ಹತ್ತಿರ ಬೆಂಗಾಲಿಯಲ್ಲಿ ಜಗಳವಾಡುವಷ್ಟು ತಯಾರಾಗಿದ್ದಾಳೆ, ನೀನು ಹೆಮ್ಮೆಪಡಬೇಕು. ನಾನು ತಿಮರೆಯ ತಂಬುಳಿ ಮಾಡಿದ್ದೆ. ಇಲ್ಲಿಯವರು ಆ ಸೊಪ್ಪಿಗೆ ಥಾನಕುನಿ ಎನ್ನುತ್ತಾರೆ, ಹೊಟ್ಟೆ ಕೆಟ್ಟರೆ ಜಜ್ಜಿ ರಸ ಕುಡಿಯುತ್ತಾರೆ. ನಮ್ಮ ಸಂತೆಯಲ್ಲಿ ಕಟ್ಟುಕಟ್ಟು ಸಿಗುತ್ತದೆ. ನಿನ್ನ ಮಗಳು ಒಂದು ಲೋಟ ಕುಡಿದು, ಬ್ರಾಹ್ಮಿಯನ್ನು ಮಜ್ಜಿಗೆಯಲ್ಲೂ ಮಾಡುತ್ತಾರಾ ಆಂಟಿ, ನಮ್ಮ ಮನೆಯಲ್ಲಿ ಬರೀ ಚಟ್ನಿ ಎಂದಳು.

ಇದು ಬ್ರಾಹ್ಮಿಯಲ್ಲ ಮಗಾ, ತಿಮರೆ ಎಂದೆ. ಬ್ರಾಹ್ಮಿಯೆಂದರೆ ಬೇರೆ, ಸಣ್ಣ ಸಣ್ಣ ದಪ್ಪ ಎಲೆಯದು, ಇಲ್ಲಿಯವರು ಬದನೆಕಾಯಿಯ ಜೊತೆ ಹುರಿದು ತಿನ್ನುತ್ತಾರೆ ಎಂದು ಪಾಠವನ್ನೇ ಮಾಡಿದೆ. ಅವಳು ಒಪ್ಪಿದರೆ ತಾನೆ? ಯಾರ ಮಗಳು! ಎದ್ದು ಅಡಿಗೆಮನೆಗೆ ಹೋಗಿ, ಉಳಿದ ಕಟ್ಟಿನಿಂದ ಒಂದು ದುಂಡೆಲೆ ಕಿತ್ತು ತಂದು ನನ್ನ ಮೂಗಿನೆದುರು ಹಿಡಿದಳು.

"ಇದೇ ಆಂಟಿ ಬ್ರಾಹ್ಮಿ. ಅಜ್ಜಿ ನಲ್ಲಿ ಪಕ್ಕ ಬೆಳೆಸ್ತಿದ್ರು. ಒಣಗಿಸಿ ಪುಡಿ ಮಾಡಿ, ಎಕ್ಸಾಮ್ ಟೈಮಲ್ಲಿ ಹಾಲಿಗೆ ಹಾಕಿ ಕುಡಿಸೋರು. ಅಮ್ಮಂಗೆ ಕಲ್ಕತ್ತಾಗೂ ಕಳಿಸ್ತಿದ್ರಂತೆ."

ತುತ್ತನ್ನು ತಟ್ಟೆಗೆ ಹಾಕಿ, ಅವಳ ಕೈಯಿಂದ ಆ ಎಲೆ ಕಸಿದುಕೊಂಡೆ.

ನೆನಪಿದೆಯಲ್ಲ? ನಿನ್ನ ಅಮ್ಮ ಕಳಿಸಿದ ಬ್ರಾಹ್ಮಿ ಪುಡಿಯಲ್ಲಿ ಅರ್ಧ ನೀನು ಕುಡಿದೆ, ಉಳಿದರ್ಧದ ಸಾರ ತೆಗೆದು ತಮಾಷೆಗೆಂದು ಅಮೀಬಾಗಳಿಗೆ ಕುಡಿಸಿದೆ. ನಿನಗೆ ಬುದ್ಧಿ ಬಂತೋ ಬಿಟ್ಟಿತೋ, ಅವಂತೂ ಸತ್ತವು. ಸರ್ ಕುಣಿದಾಡಿದರು. ಪುಡಿ ಮುಗಿದಾಗ, ಬ್ರಾಹ್ಮಿ ತಾನೆ, ಇಲ್ಲೇ ಸಿಗುತ್ತದೆ ಎಂದು ಮೂಟೆ ತರಿಸಿದರು, ಪುಡಿ ಮಾಡಿಯೇ ಬಂತು. ಆಮೇಲೆ ಎಷ್ಟು ಸಲ ಮಾಡಿದರೂ ಅಮೀಬಾಗಳು ಮದುವೆಮನೆಗೆ ಬಂದವರ ಹಾಗೆ ಹಾಯಾಗಿ ಓಡಾಡಿಕೊಂಡಿದ್ದವು. ಅದೂ ಹಸಿರು ಪುಡಿ, ಇದೂ ಹಸಿರು ಪುಡಿ, ಎರಡರ ಮೇಲೂ ಬ್ರಾಹ್ಮಿ ಎಂದೇ ಚೀಟಿ. ನಿಮ್ಮ ಬ್ರಾಹ್ಮಿ ಇಲ್ಲಿಯವರ ಥಾನಕುನಿ ಕಣೆ! ಇಲ್ಲಿಯವರ ಬ್ರಾಹ್ಮಿ ಬೇರೆಯೇ ಗಿಡ. ನಮ್ಮ ಉಡುಪಿ ಕಡೆ ಅದು ತಿಮರೆ, ಹಾಗಾಗಿ ನನ್ನ ತಲೆಗೂ ಹೋಗಲಿಲ್ಲ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಕತೆ. ವಾರಕ್ಕೆರಡು ಸಲ ತಂಬುಳಿ ಮಾಡುತ್ತಿದ್ದವಳು ನಾನು.

ಹೇಳಿದರೆ ಸಾಲದು, ಮಾಡಿ ನೋಡಬೇಕಲ್ಲ. ಎರಡೂ ಸೊಪ್ಪು ತಂದು, ಗಿಡಗಳ ಗುರುತು ಬಲ್ಲ ಸಹೋದ್ಯೋಗಿಗೆ ತೋರಿಸಿ ಖಾತ್ರಿ ಮಾಡಿಕೊಂಡೆ. ನೆರಳಲ್ಲಿ ಒಣಗಿಸಿ ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿದೆ, ಅವತ್ತಿನಿಂದ ನಮ್ಮ ಇಡ್ಲಿಯೂ ಹಸಿರಾಗಿದೆ. ನನ್ನ ಕಣ್ಣು ನಿನ್ನ ಪಕ್ಷ ವಹಿಸಬಾರದೆಂದು, ಯಾವ ಬಾಟಲಿಯಲ್ಲಿ ಯಾವ ಪುಡಿ ಎಂಬುದನ್ನು ನಮ್ಮ ಮನೆಯವರಿಗೆ ಬಿಟ್ಟೆ. ಜಯಕರರನ್ನು ನೀನು ಬಲ್ಲೆ, ಬ್ಯಾಂಕಿನವರು. ಗುಟ್ಟನ್ನು ಲಾಕರಿನಲ್ಲಿಟ್ಟವರ ಹಾಗೆ ಬಿಗಿಮುಖ ಮಾಡಿಕೊಂಡು ಓಡಾಡಿದರು. ಬಂಗುಡೆ ಮೀನಿನ ಗಸಿ ಮಾಡಿ ಹಾಕಿದೆ, ಉಂಡರು, ಬಾಯಿ ಬಿಡಲಿಲ್ಲ.

ಲ್ಯಾಬಿನಲ್ಲಿ ಸಾರ ತೆಗೆದು ಅಮೀಬಾಗಳಿಗೆ ಹಾಕಿ, ಮರುದಿನ ನೀಲಿ ಬಣ್ಣ ಬಿಟ್ಟೆ. ಸತ್ತದ್ದು ಬಣ್ಣ ಕುಡಿಯುತ್ತದೆ, ಬದುಕಿದ್ದು ಹತ್ತಿರ ಸೇರಿಸುವುದಿಲ್ಲ, ನೀನೇ ನನಗೆ ಕಲಿಸಿದ್ದು. ಒಂದು ಬಾಟಲಿಯ ಸಾರದಲ್ಲಿ ಅವು ಓಡಾಡುತ್ತಲೇ ಇದ್ದವು. ಇನ್ನೊಂದರಲ್ಲಿ ಗುಂಡಗೆ ಮುದುಡಿ, ಒಂದಾದಮೇಲೊಂದು ನೀಲಿ. ಮತ್ತೆ ಮಾಡಿದೆ, ಮತ್ತೆ ನೀಲಿ. ತಡವಾದದ್ದು ಅದಕ್ಕೇ. ಮನೆಗೆ ಬಂದು ಹೇಳಿದಾಗ ಇವರು ಕನ್ನಡಕ ತೆಗೆದು, "ನೀಲಿಯಾದದ್ದು ನಿನ್ನ ತಿಮರೆ ಆಶಾ" ಎಂದರು. ಹಂಸಾ, ನನಗೆ ಎಷ್ಟು ಸಂತೋಷವಾಯಿತೆಂದರೆ, ಐವತ್ತು ದಾಟಿದ ಹೆಂಗಸು ಮನೆಯೊಳಗೆ ಕುಣಿದೆ. ಗಾಜಿನ ತಟ್ಟೆಯಲ್ಲಿ ಸತ್ತದ್ದು ಮನುಷ್ಯರ ಹೊಟ್ಟೆಯಲ್ಲೂ ಸಾಯಬೇಕೆಂದಿಲ್ಲ. ಹಾಗಾಗಿ ನೀನು ಊರಿನವರಿಗೆಲ್ಲ ಚಟ್ನಿ ತಿನ್ನಿಸಲು ಹೊರಡಬೇಡ. ಆದರೆ ಅವತ್ತು ನೀನು ಕಂಡದ್ದು ನಿಜ.

ಲಾಹಿರಿ ಸರ್ ಈಗ ಬೆಹಾಲಾದಲ್ಲಿ ಮಗಳ ಮನೆಯಲ್ಲಿದ್ದಾರೆ. ಎರಡು ಸೊಪ್ಪನ್ನೂ ಚೀಲದಲ್ಲಿ ಹಾಕಿಕೊಂಡು ಹೋದೆ. ಪೂಜೆಗೆ ಪೆಂಡಾಲಿನ ಬಿದಿರು ಕಟ್ಟುತ್ತಿದ್ದರು, ಅವರ ಬೀದಿಗೆ ಆಟೋ ಬರಲಿಲ್ಲ, ನಡೆದೆ. ಮೊದಲು ನನಗೂ ಸ್ವಲ್ಪ ಬೈದರು, ಅಭ್ಯಾಸ ಹೋಗಿಲ್ಲ. ಎರಡು ಎಲೆಗಳನ್ನೂ ಮೇಜಿನ ಮೇಲಿಟ್ಟು, ಇದು ನಿಮ್ಮ ಬ್ರಾಹ್ಮಿ, ಇದು ಅವಳ ಬ್ರಾಹ್ಮಿ ಎಂದೆ. ನೀಲಿಯ ಚಿತ್ರಗಳನ್ನೂ ತೋರಿಸಿದೆ. ಅವರು ಎರಡೂ ಎಲೆಗಳನ್ನು ತಿರುವಿ ತಿರುವಿ ನೋಡಿದರು. ಕೊನೆಗೆ ಹೇಳಿದರು: "ನಾನು ಆ ಹುಡುಗಿಗೆ ನೂರು ಪ್ರಶ್ನೆ ಕೇಳಿದೆ. ಎಲೆ ತೋರಿಸು ಅಂತ ಕೇಳಲಿಲ್ಲ. ತಪ್ಪು ನನ್ನದು, ಅವಳಿಗೆ ಹೇಳು."

ಹೇಳಿದ್ದೇನೆ. ನಿನಗೆ ಸಿಟ್ಟು ಬಂದರೆ ಬರಲಿ, ಬರಬೇಕಾದದ್ದೇ. ನಾನೂ ಅವರು ಕೊಟ್ಟ ಸಂದೇಶ್ ಮಿಠಾಯಿ ತಿನ್ನದೆ ಎದ್ದುಬಂದೆ. ಅದು ಒಳ್ಳೆಯ ಅಂಗಡಿಯದಾಗಿತ್ತು, ನನ್ನ ತ್ಯಾಗ ನೆನಪಿಟ್ಟುಕೋ.

ಈಗ ಕೆಲಸದ ಮಾತು. ಇದನ್ನೆಲ್ಲ ಬರೆದು ವಿಜ್ಞಾನ ಪತ್ರಿಕೆಗೆ ಕಳಿಸುವವಳಿದ್ದೇನೆ. ಮೊದಲ ಹೆಸರು ನಿನ್ನದು, ಎರಡನೆಯದು ನನ್ನದು. ಅದಕ್ಕೆ ನೀನು ಒಪ್ಪಬೇಕು, ಒಪ್ಪಿದ್ದೇನೆ ಎಂದು ಒಂದು ಸಾಲು ಬರೆದರೆ ಸಾಕು. ನನಗ್ಯಾಕೆ, ನಾನು ಈಗ ಗೃಹಿಣಿ ಎಂದೆಲ್ಲ ಶುರು ಮಾಡಿದರೆ ನಾನೇ ಮೈಸೂರಿಗೆ ಬಂದು ನಿನ್ನ ಜಗಲಿಯಲ್ಲಿ ಕೂರುತ್ತೇನೆ. ನನಗೆ ರಜೆ ಬೇಕಾದಷ್ಟಿದೆ.

ಅರವಿಂದರಿಗೆ ನಮ್ಮಿಬ್ಬರ ನಮಸ್ಕಾರ. ಶ್ರಾವ್ಯಳಿಗೆ ಇಲ್ಲಿ ಒಂದು ಮನೆ ಇದೆ, ಚಿಂತೆ ಮಾಡಬೇಡ. ದೇವರು ನಿನ್ನ ಮನೆಯನ್ನು ತಂಪಾಗಿಟ್ಟಿರಲಿ, ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ,
ಆಶಾಲತಾ

ಮ.ವಿ.: ಒಂದು ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಆ ಭಾನುವಾರ ಪಾತ್ರೆ ತೊಳೆಯುವಾಗ ಶ್ರಾವ್ಯ ನಗುತ್ತಾ ಹೇಳಿದಳು, ಅಮ್ಮ ಸಾರಿಗೆ ಉಪ್ಪು ಹಾಕಿದರೆ ಬೇರೆ ಯಾರಾದರೂ ರುಚಿ ನೋಡಿ ಸರಿಯಿದೆ ಎನ್ನಬೇಕು ಎಂದು. "ನನ್ನ ನಾಲಿಗೆ ನಂಬಕ್ಕಾಗಲ್ಲ ಅಂತಾರೆ ಆಂಟಿ." ಬೀಗ ಹಾಕಿದರೆ ಇನ್ನೊಬ್ಬರು ಜಗ್ಗಿ ನೋಡಬೇಕಂತೆ. ಈಗ ಅವಳು ಮನೆಯಲ್ಲಿಲ್ಲ, ಅರವಿಂದರು ಹೊರಗೆ ಹೋಗಿದ್ದರೆ ಸೌಟು ಹಿಡಿದು ಪಕ್ಕದ ಮನೆಗೆ ಹೋಗುತ್ತೀಯಂತೆ. ಅವಳಿಗೆ ಅದು ಅಮ್ಮನ ಒಂದು ವಿಚಿತ್ರ. ಯಾವ ಮಧ್ಯಾಹ್ನ ಅದು ನಿನಗೆ ಅಂಟಿಕೊಂಡಿತೆಂದು ನನಗೆ ಗೊತ್ತು. ಅವಳ ಜೊತೆ ನಾನೂ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಂದೆ. ಹಂಸಾ, ಇವತ್ತು ಸಾರಿನ ಉಪ್ಪು ನೀನೇ ನೋಡು. ಯಾರನ್ನೂ ಕರೆಯಬೇಡ. ಸರಿಯಾಗಿದೆ ಎಂದು ನಿನಗೆ ಅನಿಸಿದರೆ ಬಡಿಸಿಬಿಡು.